ಒಂದು ಕಡೆ ತಿದ್ದಿದರೆ ಸಾಕು

ಅನುಸೂಯಾ ಮಿಸ್ಸಿಗೆ ಗುಲಾಬಿ ಬಣ್ಣ ಇಷ್ಟವಾಗಿದ್ದೇ ಎಲ್ಲಕ್ಕೂ ಮೂಲವಾಯಿತು.

ಹೊಸದುರ್ಗದ ಆ ಖಾಸಗಿ ಹೈಸ್ಕೂಲಿಗೆ ವೆಬ್‌ಸೈಟು ಮಾಡುವ ಹೊಣೆ ಗಣಿತದ ಮೇಷ್ಟ್ರು ಮಾರುತೇಶನ ಹೆಗಲೇರಿತ್ತು. ಆ ದಿನ ಸಂಜೆ ಆಡಳಿತ ಮಂಡಳಿಯ ಕಾರ್ಯದರ್ಶಿ ಮುರುಗೇಶಪ್ಪನವರು ನೋಡಿ ಮೆಚ್ಚಿದರೆ ಅವನಿಗೆ, ಗಣಿತದ ಮೇಷ್ಟ್ರಿಲ್ಲದ ಚಿಕ್ಕಜಾಜೂರಿನ ಶಾಖೆಗೆ ವರ್ಗ. ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹೆಂಡತಿ ಉಷಾರಾಣಿ ಟಿಕೆಟ್ ಕೊಡುತ್ತಿದ್ದಳು. ಮದುವೆಯಾದಾಗಿನಿಂದ ಇಬ್ಬರದೂ ಭಾನುವಾರದ ಸಂಸಾರ. ಪಾಪ, ತಾನೇ ಕೆದಕಿದ ಉಪ್ಪಿಟ್ಟು ತಿಂದು ತಿಂದು ಮನುಷ್ಯ ಸೊರಗಿಹೋಗಿದ್ದ. ಶಾಲೆಯ ಇನ್ನೊಬ್ಬ ಗಣಿತದ ಮೇಷ್ಟ್ರು ಶಿವಕುಮಾರಪ್ಪ ಕಂಪ್ಯೂಟರಿಗೆ ದೂರದಿಂದಲೇ ಕೈಮುಗಿಯುವವರು.

ಪುಸ್ತಕ ನೋಡಿ ಕಲಿತರೂ ಮಾರುತೇಶ ಜಾಣ. ಹತ್ತು ಪುಟಕ್ಕೆ ಹತ್ತು ಸಲ ಬರೆಯಲಿಲ್ಲ. ತಲೆಬರಹಕ್ಕೊಂದು, ಬಟನ್ನಿಗೊಂದು, ಮೇಷ್ಟ್ರುಗಳ ಫೋಟೋಗೊಂದು ಅಚ್ಚು ಮಾಡಿಕೊಂಡು, ಚಕ್ಕುಲಿ ಒತ್ತಿದ ಹಾಗೆ ಬೇಕಾದಲ್ಲೆಲ್ಲ ಒತ್ತಿದ.

"ನನ್ನ ಫೋಟೋ ಹಿಂದೆ ಗುಲಾಬಿ ಬಣ್ಣ ಹಾಕ್ರಿ ಸರ್" ಎಂದರು ಅನುಸೂಯಾ ಮಿಸ್. ಹಾಕಿದ. ಎಲ್ಲರದೂ ಒಂದೇ ಅಚ್ಚಲ್ಲವೇ, ಇಡೀ ಶಾಲೆಯೇ ಗುಲಾಬಿಯಾಯಿತು. ಒಬ್ಬರಿಗೇ ಬೇರೆ ಬಣ್ಣ ಹಾಕುವ ಅಧ್ಯಾಯಕ್ಕೆ ಅವನಿನ್ನೂ ಬಂದಿರಲಿಲ್ಲ.

ಗಿರಿಜಾ ಮೀಸೆಯ ಡ್ರಿಲ್ ಮಾಸ್ಟರ್ ಮುನಿಯಪ್ಪ ಹಾರಿಬಿದ್ದರು. "ಏನಪ್ಪ, ನನ್ನ ಮದಲಗಿತ್ತಿ ಮಾಡೀಯಾ? ಕೆಂಪು ಹಾಕು!"

ಎಲ್ಲರೂ ಕೆಂಪಾದರು.

"ಥೂ, ಸರ್ಕಾರಿ ಬಸ್ಸಿನಂಗೈತೆ. ತೆಂಗಿನ ತೋಟದಂಗೆ ಹಸಿರು ಇರ್ಲಿ" ಎಂದರು ಹೆಡ್ಮಾಸ್ಟರು ತಿಪ್ಪೇರುದ್ರಪ್ಪ. ಹಸಿರಾಯಿತು. ಅನುಸೂಯಾ ಮಿಸ್ ಕಣ್ಣೊರೆಸಿಕೊಂಡರು, ಮುನಿಯಪ್ಪ ಸೀಟಿ ಊದಿದರು.

ಆ ಗದ್ದಲದ ನಡುವೆಯೇ ಮುರುಗೇಶಪ್ಪನವರು ಒಳಗೆ ಬಂದರು. "ಏನ್ರಿ ಇದು? ಒಬ್ಬರದು ತಿದ್ದಿದ್ರೆ ಎಲ್ಲಾರ್ದೂ ಕೆಡ್ತೈತಂತಲ್ಲ?"

ವರ್ಗ ಕೈತಪ್ಪಿತೆಂದೇ ಮಾರುತೇಶನಿಗೆ ಅನಿಸಿತು. ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡ.

"ಕೆಡಲ್ಲ ಸಾರ್, ಅದೇ ಇದರ ಗುಣ! ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆ ಬದಲಾಗ್ತೈತೆ. ಚಿತ್ರದುರ್ಗ, ಹೊಳಲ್ಕೆರೆ, ಚಿಕ್ಕಜಾಜೂರು, ನಮ್ಮ ಅಷ್ಟೂ ಶಾಲೆಗೆ ಇದೊಂದೇ ಅಚ್ಚು ಸಾಕು. ಎಲ್ಲಿಗೂ ಹೋಗೋದು ಬೇಕಿಲ್ಲ, ಇಲ್ಲಿ ಕುಂತೇ ಎಲ್ಲಾ ಮಾಡ್ಬಹುದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಭಲೇ!" ಮುರುಗೇಶಪ್ಪನವರ ಮುಖ ಅರಳಿತು. "ಹಂಗಾದ್ರೆ ನೀವು ಚಿಕ್ಕಜಾಜೂರಿಗೆ ಯಾಕ್ರಿ ಹೋಗ್ಬೇಕು? ಇಲ್ಲೇ ಕುಂತ್ಕಳ್ರಿ."

"ಸಾರ್, ಅಲ್ಲಿ ಗಣಿತಕ್ಕೆ..." ಮಾರುತೇಶ ತೊದಲಿದ.

"ಅಲ್ಲಿಗೆ ನಮ್ಮ ಶಿವಕುಮಾರಪ್ಪ ಹೋಗ್ಲಿ ಬಿಡ್ರಿ. ಪಾಪ, ಆತಗೆ ಇದೇನೂ ಬರಲ್ಲ."