ಹೂ ಬೀಳಿಸದ ಮೊಸಳೆಯವರಿಗೆ

ಕುಶಾಲನಗರದ ಬಳಿಯ ಮೊಸಳೆ ತೋಟದ ಎರಡನೆಯ ತೊಟ್ಟಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ವಿರಾಜಮಾನರಾಗಿರುವ ಮಾನ್ಯ ಮೊಸಳೆಯವರೇ,

ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ಜವರಯ್ಯನೆಂಬ ನಾನು, ತಮ್ಮ ನಿದ್ರೆಗೆ ಭಂಗ ಬಾರದ ಹಾಗೆ ದೂರದಿಂದಲೇ ಕೈಮುಗಿದು ಮಾಡಿಕೊಳ್ಳುವ ಅರಿಕೆ. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದಿದ್ದರೂ ತಮ್ಮನ್ನು ನೋಡಿ ಅದು ಯಾರಿಗೂ ಗೊತ್ತಾಗುವಂತಿಲ್ಲ.

ಇಬ್ಬರೇ ಮಂತ್ರಿಗಳಲ್ಲಿ ರಾಜ್ಯಭಾರ ಮುಗಿಸುವ ನಮ್ಮ ಪುಟ್ಟ ಕೊಡಗು ರಾಜ್ಯದಲ್ಲಿ, ಮರದ ಕಂಟ್ರಾಕ್ಟರ್ ಕರಿಬಸಪ್ಪನವರು ಹೊಳೆಯಿಂದ ಏಳು ಮೊಸಳೆಗಳನ್ನು ಹಿಡಿಸಿ ತಂದು, ಸಂಸಾರ ಸಮೇತ ನೋಡತಕ್ಕ ಜಾಗವೊಂದನ್ನು ಮಾಡಿದ್ದಾರೆಂದು ಕೇಳಿ, ಕಳೆದ ಭಾನುವಾರ ನಾನು, ಹೆಂಡತಿ ಲಿಂಗಮ್ಮ, ಮಗಳು ಮುದ್ದಿ ಮತ್ತು ನನ್ನ ತಾಯಿ ಸಿದ್ದಮ್ಮನವರು ಬಸ್ಸು ಹಿಡಿದು ಬಂದೆವು. ಬಾಗಿಲ ಹಲಗೆಯ ಮೇಲೆ ತಾವು ಬಾಯ್ದೆರೆದು ಎಗರುತ್ತಿರುವ ಚಿತ್ರವಿತ್ತು. ಆ ಚಿತ್ರ ಬರೆದವನು ತಮ್ಮನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ. ನಾಪೋಕ್ಲಿನಿಂದ ಬಂದಿದ್ದ ಗುಂಪೊಂದು ತಾವು ಸಿಮೆಂಟಿನವರೆಂದು ವಾದಿಸುತ್ತಿತ್ತು. ಕಾವಲುಗಾರ ಮಾರಿ, ಮಂಗಳವಾರ ತಾವು ಕೋಳಿ ತಿಂದದ್ದನ್ನು ಕಣ್ಣಾರೆ ಕಂಡೆನೆಂದು ಆಣೆಯಿಟ್ಟು ತಮ್ಮ ಮಾನ ಉಳಿಸಿದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಮುದ್ದಿ ಈ ಸಲ ಎಂಟನೆಯ ಕ್ಲಾಸು ಪಾಸಾಗಿದ್ದಾಳೆ. ಅವಳನ್ನು ಮಡಿಕೇರಿಯ ಹೈಸ್ಕೂಲಿಗೆ ಕಳಿಸಿ ಎಂದು ಹೆಡ್‌ಮಾಸ್ಟರರು, ಅರಕಲಗೂಡಿನ ಕಡೆ ನೋಡಿಟ್ಟ ಗಂಡಿಗೆ ಕೊಡು ಎಂದು ನನ್ನ ತಾಯಿ. ಎರಡು ಕಡೆಗೂ ಸೋಮವಾರ ಉತ್ತರ ಹೇಳಬೇಕಿತ್ತು. ಹಾಸನದ ಸೀಮೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿ ಬೇರೂರಿದ ನಮ್ಮ ಮನೆತನದಲ್ಲಿ, ಬಗೆಹರಿಯದ್ದನ್ನೆಲ್ಲ ದೇವರ ಮುಂದಿಟ್ಟು ಹೂವಿನ ಅಪ್ಪಣೆ ಕೇಳುವುದು ವಾಡಿಕೆ. ಹೊಳೆಯ ಪೂಜೆಗೆಂದು ತಂದ ಕಣಗಿಲೆ ಹೂ ತಾಯಿಯ ಮಡಿಲಲ್ಲಿತ್ತು. ಗಂಗಮ್ಮನ ವಾಹನವೇ ಕಣ್ಣೆದುರು ಮಲಗಿರುವಾಗ ಬೇರೆ ದೇವರೇಕೆ ಎಂದವರೇ, ಒಂದು ಹೂವನ್ನು ಗುರಿಯಿಟ್ಟು ತಮ್ಮ ಬೆನ್ನ ಮೇಲೆ ಹಾಕಿ, ಬಲಕ್ಕೆ ಬಿದ್ದರೆ ಓದು, ಎಡಕ್ಕೆ ಬಿದ್ದರೆ ಮದುವೆ ಎಂದು ಸೆರಗೊಡ್ಡಿ ನಿಂತರು.

ನನಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮಗಳು ಓದಲಿ ಎಂಬ ಆಸೆ ಬೆಟ್ಟದಷ್ಟಿತ್ತು, ತಾಯಿಗೆ ಅದನ್ನು ಹೇಳುವ ಧೈರ್ಯ ಸಾಸಿವೆಯಷ್ಟೂ ಇರಲಿಲ್ಲ. ಬೆಳಗಿನ ಹಾಜರಿಯಲ್ಲಿ ನೂರೈವತ್ತು ಆಳುಗಳ ಹೆಸರು ಕೂಗುವ ಈ ಗಂಟಲು ತಾಯಿಯೆದುರು ನಲವತ್ತೆರಡು ವರ್ಷ ಬರೀ ಹೂಂಗುಟ್ಟಿದೆ. ತಾವು ಚೂರು ಬಲಕ್ಕೆ ಮಗ್ಗುಲಾಗಿದ್ದರೆ ನನ್ನ ಕೆಲಸ ಹೂವೆತ್ತಿದಷ್ಟು ಸುಲಭವಾಗಿ ಮುಗಿಯುತ್ತಿತ್ತು.

ತಾವು ಆಗಲಿಲ್ಲ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ತಾವು ತೋರಿದ ಸಂಯಮವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಹಿಮಾಲಯದ ಋಷಿಗಳು ತಮ್ಮಲ್ಲಿಗೆ ಬಂದು ಪಾಠ ಹೇಳಿಸಿಕೊಳ್ಳತಕ್ಕದ್ದು. ನಮ್ಮ ಬುತ್ತಿ ಮುಗಿಯಿತು, ನೊಣವೊಂದು ತಮ್ಮ ಮೂತಿಯ ಮೇಲೆ ಸಂಸಾರ ಹೂಡಿತು, ಹೂ ಬಾಡಿತು. ಮುದ್ದಿ ಕಂಬಿ ಹಿಡಿದು ಆ ಹೂವನ್ನೇ ನೋಡುತ್ತಿದ್ದಳು. ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಯ ಬಸ್ಸಿನ ಹಾರನ್ ಕೇಳಿದಾಗ ತಾಯಿ ಸೆರಗು ಕೊಡವಿ, ಬೀಳದ ಹೂವೆಂದರೆ ಬೇಡವೆಂದೇ ಅರ್ಥ, ಅರಕಲಗೂಡಿಗೆ ಹೇಳಿಕಳಿಸು ಎಂದರು. ಲಿಂಗಮ್ಮ ನನ್ನ ತೋಳು ಚಿವುಟಿದಳು. ಬೇರೆ ದಾರಿಯಿರಲಿಲ್ಲ, ಬಾಯಿ ಬಿಟ್ಟೆ.

"ಅವ್ವ, ಮೊಸ್ಳೆ ಏನೂ ಹೇಳ್ನಿಲ್ಲ. ನಾನೇಳ್ತೀನಿ ಕೇಳು. ಮುದ್ದಿ ಓದ್ಲಿ."

ಆ ಮಾತಿಗೆ ತಾವಾದರೂ ಬೆಚ್ಚಿಬೀಳಬಹುದೆಂದು ನೋಡಿದೆ, ಇಲ್ಲ. ತಾಯಿ ಬಸ್ಸಿನಲ್ಲಿ ಬೇರೆ ಸೀಟು ಹಿಡಿದವರು ಇಂದಿಗೂ ನನ್ನೊಡನೆ ಮಾತಾಡಿಲ್ಲ. ಹೀಗಿರುವುದರಿಂದ, ಮಾಡಬೇಕಾದ ಕೆಲಸವನ್ನು ಮಾಡದೆ ಅದನ್ನು ಬಡ ರೈಟರನ ತಲೆಗೆ ಕಟ್ಟಿದ ತಾವು, ಬರುವ ಭಾನುವಾರ ಚೆಟ್ಟಳ್ಳಿಗೆ ದಯಮಾಡಿಸಿ, ನಮ್ಮ ಜಗಲಿಯಲ್ಲಿ ತಾಯಿಯ ಪಕ್ಕ ಒಂದು ಗಳಿಗೆ ಕುಳಿತು, ಅಂದು ಬಲಕ್ಕೇ ಹೊರಳುವ ಮನಸ್ಸಿತ್ತು, ಸೊಂಟ ಹಿಡಿದುಕೊಂಡಿತ್ತು ಎಂದು ತಿಳಿಸಬೇಕೆಂದು ಕೋರುತ್ತೇನೆ. ಬಸ್ಸಿನಲ್ಲಿ ತಮ್ಮ ಬಾಲಕ್ಕೆ ಜಾಗ ಸಾಲದಿದ್ದರೆ ಎಸ್ಟೇಟಿನ ಜೀಪಿಗೆ ಪ್ರಯತ್ನಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಜವರಯ್ಯ, ರೈಟರ್

ವಿ.ಸೂ.: ಕಾಗದ ಅಂಚೆಗೆ ಬೀಳುವ ಮೊದಲೇ ತಾಯಿ ಬಾಯಿ ಬಿಟ್ಟಿದ್ದಾರೆ, ನನ್ನೊಡನಲ್ಲ, ಸಂತೆಯಲ್ಲಿ. ಗಂಗಮ್ಮನ ವಾಹನವೇ ಬಲಗಡೆ ಹೂ ಕೊಟ್ಟಿತು, ಅದಕ್ಕೇ ಮೊಮ್ಮಗಳನ್ನು ಮಡಿಕೇರಿಗೆ ಕಳಿಸುತ್ತಿದ್ದೇನೆ ಎಂದು ಕಂಡಕಂಡವರಿಗೆ ಹೇಳಿದರಂತೆ. ಜೀವಮಾನದಲ್ಲಿ ಒಮ್ಮೆ ಮಾತಾಡಿದ ನನ್ನ ಪುಣ್ಯವೂ ತಮ್ಮ ಪಾಲಾಯಿತು. ಇರಲಿ. ಅದನ್ನು ಕೇಳಿ ಭಾನುವಾರ ಇನ್ನೂ ಮೂರು ಮನೆಯವರು ಹೆಣ್ಣುಮಕ್ಕಳನ್ನೂ ಹೂವನ್ನೂ ಕಟ್ಟಿಕೊಂಡು ತಮ್ಮಲ್ಲಿಗೆ ಹೊರಟಿದ್ದಾರೆ, ಆದ್ದರಿಂದ ಚೆಟ್ಟಳ್ಳಿಗೆ ಬರುವುದು ಬೇಡ. ಆ ಮೂವರು ಅಪ್ಪಂದಿರನ್ನೂ ನಾನು ಬಲ್ಲೆ, ಎಲ್ಲರೂ ನನ್ನಂಥವರೇ. ದಯವಿಟ್ಟು ಅಲುಗಾಡಬೇಡಿ.