ಮಾವನ ಎಲುಬು, ನನ್ನ ಪ್ಲೇಟು

ನಾನೇನು ಕೆಲಸ ಮಾಡುತ್ತೇನೆಂದು ನೆಂಟರಿಗೆ ಅರ್ಥ ಮಾಡಿಸುವ ಹಟವನ್ನು ಬಿಟ್ಟು ಬಹಳ ಕಾಲವಾಯಿತು. ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರಿನ ಸುಗ್ಗಿ. ಬರೀ ಬಂಡೆಗಲ್ಲಿದ್ದ ಬಯಲಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಹೆಣ್ಣಿನ ಕಡೆಯವರು ಗೋತ್ರ ಕೇಳುವ ಮೊದಲು ‘ಹುಡುಗ ಸಾಫ್ಟ್‌ವೇರೇನ್ರಿ?’ ಎಂದು ಕೇಳುತ್ತಿದ್ದರು. ನಾನೋ ನಾಚಾರಂನ ಒಂದು ಶೆಡ್ಡಿನಲ್ಲಿ, ಮುರಿದ ಎಲುಬನ್ನು ಕೂಡಿಸಿ ಹಿಡಿಯುವ ಲೋಹದ ಪಟ್ಟಿಗಳ ವಿನ್ಯಾಸ ಮಾಡುತ್ತಿದ್ದೆ. ಅದಕ್ಕೆ ಡಾಕ್ಟರರೂ ನಾವೂ ಪ್ಲೇಟ್ ಎನ್ನುತ್ತೇವೆ. ಈ ಒಂದು ಶಬ್ದ ನನ್ನ ಮಾನ ಕಳೆಯಿತು. ‘ಪ್ಲೇಟ್ ಕಂಪನಿ’ ಎಂದು ಕೇಳಿದ್ದೇ ತಡ, ನಮ್ಮ ಅತ್ತಿಗೆ ಗೃಹಪ್ರವೇಶಕ್ಕೆ ಊಟದ ತಟ್ಟೆಗಳನ್ನು ಅಗ್ಗದಲ್ಲಿ ಕೊಡಿಸು ಎಂದರು. ಇವು ಆ ಪ್ಲೇಟಲ್ಲ ಅತ್ತಿಗೆ, ಇವನ್ನು ಮೈಯೊಳಗೆ ಇಡುತ್ತಾರೆ ಎಂದೆ. ಅಂದಿನಿಂದ ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ತಮ್ಮ ತಟ್ಟೆಯನ್ನು ತಾವೇ ಇನ್ನೊಮ್ಮೆ ತೊಳೆದುಕೊಳ್ಳುತ್ತಾರೆ.

ಆಗ ನನ್ನ ತಲೆ ತಿನ್ನುತ್ತಿದ್ದದ್ದು ಕಾಲರ್ ಬೋನ್, ಅಂದರೆ ಕುತ್ತಿಗೆಯ ಬುಡದಿಂದ ಭುಜದವರೆಗೆ ಹೋಗುವ ಎಲುಬು. ಅದು ನೆಟ್ಟಗಿರುವ ಪೈಕಿಯಲ್ಲ. ಒಂದು ತುದಿಯಲ್ಲಿ ಮುಂದಕ್ಕೆ, ಇನ್ನೊಂದು ತುದಿಯಲ್ಲಿ ಹಿಂದಕ್ಕೆ ಬಾಗಿರುತ್ತದೆ. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಹೀಗಾಗಿ ಡಾಕ್ಟರರು ಆಪರೇಷನ್ನಿನ ನಡುವೆಯೇ ಇಕ್ಕಳ ಹಿಡಿದು ಪ್ಲೇಟನ್ನು ಬಗ್ಗಿಸುತ್ತಾರೆ. ಹಿಂದೆ ಮುಂದೆ ಬಗ್ಗಿಸಿದಷ್ಟೂ ಲೋಹ ಸೋಲುತ್ತದೆ. ಅದಕ್ಕೆಂದೇ ಸಣ್ಣ ಸಣ್ಣ ಕೊಂಡಿಗಳ ಪ್ಲೇಟೊಂದನ್ನು ಯೋಚಿಸಿದ್ದೆ. ಎಲುಬಿನ ಮೇಲಿಟ್ಟರೆ ಅದರ ಡೊಂಕಿಗೆ ತಾನೇ ಹೊಂದಿಕೊಳ್ಳಬೇಕು, ಸ್ಕ್ರೂ ಬಿಗಿದ ಮೇಲೆ ಅಲುಗಬಾರದು. ಹೇಳುವುದು ಸುಲಭ. ಪರೀಕ್ಷೆಗೆ ನಮ್ಮಲ್ಲಿದ್ದದ್ದು ಒಂದೇ ಪ್ಲಾಸ್ಟಿಕ್ ಎಲುಬು. ಯಾವ ದೇಶದವನದೋ, ತಿದ್ದಿ ತೀಡಿದಂತಿತ್ತು. ನನಗೆ ನಮ್ಮವರ ಸೊಟ್ಟ ಎಲುಬುಗಳು ಬೇಕಿದ್ದವು. ಸಿಟಿ ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ಕಾಲರಿನೊಳಗೆ ಇಣುಕುವ ಚಟ ಹತ್ತಿತು. ಒಬ್ಬರು ‘ಕ್ಯಾ ದೇಖ್‌ರೇ ಮಿಯಾ?’ ಎನ್ನುತ್ತ ಅಂಗಿಯ ಗುಂಡಿ ಹಾಕಿಕೊಂಡು ಬೇರೆ ಸೀಟಿಗೆ ಹೋದರು.

ಇಂಥ ಹೊತ್ತಿನಲ್ಲಿ ಶಾಮಣ್ಣ ಕಾಕಾ ನನಗೊಂದು ಹೆಣ್ಣು ನೋಡಿದರು. ಕಾಕಾ ಕಲಬುರಗಿಯವರು, ಸುಳ್ಳು ಹೇಳುವವರಲ್ಲ, ನಿಜವನ್ನು ಸ್ವಲ್ಪ ಎಳೆಯುವವರು. ನಾನು ಪ್ಲೇಟಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನಲ್ಲ, ಅಷ್ಟು ಸಾಕಾಯಿತು ಅವರಿಗೆ. ‘ಹುಡುಗ ದಿನಾ ಸಾಫ್ಟ್‌ವೇರ್‌ನ್ಯಾಗ ಇರ್ತಾನ್ರಿ’ ಎಂದು ಹೆಣ್ಣಿನ ತಂದೆ ಭೀಮರಾಯರಿಗೆ ಹೇಳಿಬಿಟ್ಟಿದ್ದರು. ಭೀಮರಾಯರದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ, ಅದರ ಹಿಂದಿನ ಗಲ್ಲಿಯಲ್ಲಿ ಮನೆ. ನಾವು ಹೋದಾಗ ಅವರು ತೆಳ್ಳನೆಯ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕೂತಿದ್ದರು. ನನ್ನ ಕಣ್ಣು ಅಲ್ಲೇ ನಾಟಿತು. ಅವರ ಎಡಗಡೆಯ ಕಾಲರ್ ಬೋನಿನಂಥ ಡೊಂಕನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

“ಸ್ಕೂಟರ್‌ನಿಂದ ಬಿದ್ದಿದ್ದೆ. ದವಾಖಾನಿಗೆ ಹೋಗದೆ, ನಾಟಿ ಕಟ್ಟು ಕಟ್ಟಿಸಿಕೊಂಡೆ. ಎಲುಬು ಕೂಡ್ತು, ಆದ್ರ ಸೊಟ್ಟ ಕೂಡ್ತು” ಎಂದರು ಭೀಮರಾಯರು. ಆಮೇಲೆ, “ಸಾಫ್ಟ್‌ವೇರ್‌ನ್ಯಾಗ ನೀವು ಏನು ಮಾಡ್ತೀರಿ?” ಎಂದು ಕೇಳಿದರು.

ನಾನು ಜೇಬಿನಿಂದ ಕೊಂಡಿ ಪ್ಲೇಟಿನ ಮಾದರಿಯನ್ನು ತೆಗೆದು ತೋರಿಸಿದೆ. ಅವರು ಅದನ್ನು ಹೊರಳಿಸಿ ನೋಡಿ, “ಇದು ಹಾರ್ಡ್‌ವೇರ್ ಇದ್ದಂಗ ಐತಲ್ರಿ” ಎಂದರು. ಕಾಕಾ ಕೆಮ್ಮಿದರು. ನಾನು ಮಾತ್ರ, “ಸ್ವಲ್ಪ ಅಂಗಿ ಸರಸ್ತೀರೇನ್ರಿ?” ಎಂದು ಎದ್ದು ಹೋಗಿ, ಪ್ಲೇಟನ್ನು ಭಾವೀ ಮಾವನ ಎಲುಬಿನ ಮೇಲೆ ಇಟ್ಟೇಬಿಟ್ಟೆ. ಕೊಂಡಿಗಳು ಒಂದೊಂದಾಗಿ ಆ ಡೊಂಕಿಗೆ ಕೂತವು. ಸಂತೋಷದಿಂದ ನನ್ನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಯಾರೋ ಚಹಾ ತಂದರು. ಅಲ್ಲಿಡ್ರಿ ಎಂದೆ. “ಇಷ್ಟು ಬಾಗೂದು ಎಲುಬನ್ನ ಹೆಂಗ ಹಿಡೀತೈತ್ರಿ?” ಎಂದಿತು ಒಂದು ಹೆಣ್ಣು ದನಿ. ಸ್ಕ್ರೂ ಬಿಗಿದರೆ ಕೊಂಡಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಎಂದು ನಾನು ಎಲುಬಿಗೇ ಉತ್ತರ ಹೇಳಿದೆ.

ಹೊರಗೆ ಬಂದ ಮೇಲೆ ಕಾಕಾ, “ಹುಡುಗಿ ಹೆಂಗ ಅನಸಿದಳೋ?” ಎಂದರು. ಹುಡುಗಿಯನ್ನು ನಾನು ನೋಡಿರಲೇ ಇಲ್ಲ. ಆದರೂ ಒಂದು ಮಾತು ನಿಜ. ಚಹಾ ತಂದ ಆ ದನಿ ಅವಳದೇ ಇರಬೇಕು, ನನ್ನ ಕೆಲಸದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಲೋಕದಲ್ಲಿ ಅವಳೊಬ್ಬಳೇ. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಗಟ್ಟಿಯಾಗಿ ಅನ್ನಿಸಿತ್ತು. ‘ಭಾಳ ಚಲೋ ಅದಾಳ’ ಎಂದೆ. ಆ ಕಡೆಯಿಂದಲೂ ಒಪ್ಪಿಗೆ ಬಂತು. ತಲೆ ಎತ್ತಿ ಹೆಣ್ಣನ್ನು ನೋಡದಷ್ಟು ಸಂಭಾವಿತ ಹುಡುಗ ಎಂದು ಭೀಮರಾಯರು ಗಲ್ಲಿಗೆಲ್ಲ ಹೇಳಿಕೊಂಡು ಬಂದರಂತೆ. ಫೋಟೋ ಕೇಳೋಣವೆಂದರೆ ಇದ್ದ ಮಾನವೂ ಹೋಗುತ್ತಿತ್ತು.

ನಿಶ್ಚಯದ ದಿನ ಅವರ ಪಡಸಾಲೆಯ ತುಂಬ ರೇಷ್ಮೆ ಸೀರೆಯ ಹೆಂಗಸರು. “ಹುಡುಗಿ ಅಲ್ಲೇ ಅದಾಳ, ಒಂದೀಟು ನೋಡಿ ನಗೋ” ಎಂದು ಕಾಕಾ ತಿವಿದರು. ಯಾರನ್ನು ನೋಡಿ ನಗಲಿ? ನಾನು ಇಂಜಿನಿಯರಿನಂತೆ ಯೋಚಿಸಿದೆ. ಭೀಮರಾಯರ ಬಲಗಡೆಯ ಎಲುಬು ಮುರಿದಿಲ್ಲ, ಮಗಳಿಗೆ ಅದೇ ಆಕಾರ ಬಂದಿರಬೇಕು. ಸಾಲಾಗಿ ಎಲ್ಲರ ಕುತ್ತಿಗೆಯ ಬುಡವನ್ನು ಪರೀಕ್ಷಿಸುತ್ತ ಬಂದೆ. ಕಂಬದ ಹತ್ತಿರ ಒಬ್ಬರದು ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದಿತು. ಅದನ್ನೇ ನೋಡುತ್ತ ಧಾರಾಳವಾಗಿ ನಕ್ಕೆ. ಅವರು ಭೀಮರಾಯರ ತಂಗಿ.

“ಅಣ್ಣಾ, ಈ ಹುಡುಗನ ಕಣ್ಣು ನನ್ನ ಬೋರಮಾಳ ಸರದ ಮ್ಯಾಲೆ ಐತಿ ನೋಡು. ನಿಂತಲ್ಲೇ ಬಂಗಾರ ತೂಗಾಕತ್ತಾನ. ಇಂಥವರಿಗೆ ಹುಡುಗಿ ಕೊಡೂದು ಬ್ಯಾಡ” ಎಂದರು ಅವರು.

ಭೀಮರಾಯರ ಮುಖ ಸಣ್ಣದಾಯಿತು. ಕಾಕಾ ಆಗಲೇ ಚಪ್ಪಲಿ ಎಲ್ಲಿವೆ ಎಂದು ಕಣ್ಣಾಡಿಸುತ್ತಿದ್ದರು. ಸರವನ್ನಲ್ಲ, ನಿಮ್ಮ ಎಲುಬನ್ನು ನೋಡುತ್ತಿದ್ದೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ, ಹುಡುಗಿ ಯಾರೆಂದೇ ತಿಳಿಯದೆ ನಿಶ್ಚಯಕ್ಕೆ ಬಂದು ಕೂತ ಸಂಗತಿ ಹೊರಬೀಳುತ್ತದೆ. ಎಲ್ಲ ಮುಗಿಯಿತು ಎಂದುಕೊಂಡೆ.

“ಅತ್ಯಾ, ಅವರು ಸರ ನೋಡಾಕತ್ತಿಲ್ಲ, ಎಲುಬು ನೋಡಾಕತ್ತಾರ. ಅವತ್ತು ಅಪ್ಪಂದೂ ಹಿಂಗ ನೋಡಿದ್ರು. ನನ್ನ ಒಮ್ಮೆರೆ ನೋಡ್ಲಿಲ್ಲ” ಎಂದಿತು ನನ್ನ ಹಿಂದಿನಿಂದ ಒಂದು ದನಿ.

ತಿರುಗಿದೆ. ಅವಳು ಸೆರಗನ್ನು ಎರಡೂ ಭುಜ ಮುಚ್ಚುವಂತೆ ಕುತ್ತಿಗೆಯವರೆಗೆ ಹೊದ್ದು, ಭದ್ರವಾಗಿ ಪಿನ್ನು ಹಾಕಿಕೊಂಡು ನಿಂತಿದ್ದಳು. ನೋಡಲು ಒಂದೇ ಒಂದು ಎಲುಬನ್ನೂ ಬಿಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ನಾನು ಮುಖವನ್ನೇ ನೋಡಿದೆ.