ಶಾರದಾಳ ಭಜನೆ ಪುಸ್ತಕಕ್ಕೆ ನನ್ನ ಕೌದಿ ಹೊಲಿಗೆ

ಪುಸ್ತಕ ಹೊಲಿಯುವುದು ದೊಡ್ಡ ವಿದ್ಯೆ ಅಂತ ನನಗೆ ಅನ್ನಿಸಲೇ ಇಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೆ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹಳೆ ಸೀರೆಗಳನ್ನು ಪದರ ಪದರ ಒಟ್ಟಿ ಹೊದಿಕೆ ಹೊಲಿದ ಕೈಗೆ ಹಾಳೆ ಯಾವ ಲೆಕ್ಕ?

ಮಗನನ್ನು ಬ್ಯಾಂಕಿನವರು ತಿರುವನಂತಪುರಕ್ಕೆ ವರ್ಗ ಮಾಡಿದ ಮೇಲೆ, ಅಲ್ಲಿನ ಉಳ್ಳೂರಿನ ಫ್ಲ್ಯಾಟಿನಲ್ಲಿ ಕೂತು ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಅದನ್ನು ಬಿಡಿಸಲೆಂದೇ ಸೊಸೆ ಗೀತಾ, ಮೊಮ್ಮಗಳ ಜೊತೆ ನನ್ನನ್ನೂ ಪುಸ್ತಕ ಕಟ್ಟುವ ತರಗತಿಗೆ ಸೇರಿಸಿದಳು. ಕಲಿಸುವ ಹುಡುಗಿ, ಹಾಳೆಗಳನ್ನು ಮಡಚಿ ಸಣ್ಣ ಕಟ್ಟು ಮಾಡಿ, ಮಡಿಕೆಯೊಳಗಿಂದ ಮಾತ್ರ ಸೂಜಿ ಹಾಯಿಸಬೇಕು, ದಾರ ಬಹಳ ಜಗ್ಗಬಾರದು ಎಂದಳು. ಅಷ್ಟು ಸಡಿಲ ಹೊಲಿದಿದ್ದರೆ ನಮ್ಮ ಅತ್ತೆ ಕೌದಿಯನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದಳು. ಒಳಗೊಳಗೇ ನಕ್ಕೆ.

ಮರುದಿನ ಎದುರುಮನೆಯ ಮಲಯಾಳಿ ಶಾರದಾ ಹಳೆ ಭಜನೆ ಪುಸ್ತಕ ಹಿಡಿದು ಪೇಟೆಯ ಬೈಂಡರ್ ಹತ್ತಿರ ಹೊರಟಿದ್ದಳು. ಹಾಳೆಗಳು ಬಿಚ್ಚಿ ಬಂದಿದ್ದವು. ತೀರಿಕೊಂಡ ಅವಳ ತಾಯಿಯ ಪುಸ್ತಕ. ಅಂದು ಸಂಜೆ ಕೆಳಗಿನ ಹಾಲ್‌ನಲ್ಲಿ, ತಾಯಿ ಕೂರುತ್ತಿದ್ದ ಜಾಗದಲ್ಲಿ ಕೂತು ಮೊದಲ ಸಲ ಅವಳೇ ಭಜನೆ ಹಾಡಿಸುವವಳಿದ್ದಳು.

"ಚಾಲೈ ಬಜಾರಕ್ಕ ಯಾಕ ಹೋಗ್ತಿ? ನನಗ ಕೊಡು," ಎಂದೆ, ಕನ್ನಡಕ್ಕೆ ಕೈಸನ್ನೆ ಸೇರಿಸಿ.

"ಅಜ್ಜೀ, ವೇಂಡ," ಎಂದಳು ಮೊಮ್ಮಗಳು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಮಲಯಾಳಂ. ಬೇಡ ಅನ್ನುತ್ತಿದ್ದಾಳೆ ಅಂತ ತಿಳಿಯುವಷ್ಟು ಮಲಯಾಳಂ ನನಗೂ ಬರುತ್ತಿತ್ತು. ತಿಳಿಯದವಳ ಹಾಗೆ ಪುಸ್ತಕ ಕಸಿದುಕೊಂಡೆ.

ಹಾಳೆಗಳನ್ನೆಲ್ಲ ಒಟ್ಟಿ, ದಬ್ಬಣದಿಂದ ತೂತು ಹಾಕಿ, ಅಂಚಿಗೆ ಎರಡು ಸಾಲು ಕೌದಿ ಹೊಲಿಗೆ ಹಾಕಿದೆ. ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಜಗ್ಗಿದೆ. ಮೈದಾ ಅಂಟು ಬಳಿದು ರಟ್ಟು ಹಚ್ಚಿ, ಮೇಲೆ ಅಕ್ಕಿ ಡಬ್ಬಿ ಹೇರಿದೆ.

"ಆನೆ ಜಗ್ಗಿದರೂ ಹರಿಯಂಗಿಲ್ಲ."

ಶಾರದಾ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಸಂಜೆ ದೀಪ ಹಚ್ಚಿದರು. ಶಾರದಾ ಪುಸ್ತಕ ತೆರೆಯಹೋದಳು. ಅದು ತೆರೆಯಲಿಲ್ಲ. ಎರಡು ಬೆರಳಿನಷ್ಟು ಬಾಯಿ ಬಿಟ್ಟು, ಕೈ ಸಡಿಲಿಸಿದ ಕೂಡಲೇ ಪಟ್ ಅಂತ ಮುಚ್ಚಿಕೊಂಡಿತು. ಹಲಸಿನಹಣ್ಣು ಸೀಳುವವರ ಹಾಗೆ ಆಚೆ ಈಚೆ ಇಬ್ಬರು ಹೆಂಗಸರು ಕೂತು ಜಗ್ಗಿ ಹಿಡಿದರು. ಆಗ ಇನ್ನೊಂದು ಬಯಲಾಯಿತು. ನನ್ನ ಕಣ್ಣಿಗೆ ಮಲಯಾಳಂ ಅಕ್ಷರ ಅಂದರೆ ಬಳೆಗಳ ಸಾಲು. ಸಾಲು ಎಲ್ಲಿ ಶುರು ಅಂತ ನೋಡದೆ, ಅಕ್ಷರದ ಮೇಲೇ ಹೊಲಿದಿದ್ದೆ. ಶಾರದಾ ಕಂಡಷ್ಟು ಓದಿ, ದೇವರನ್ನು ಅರ್ಧ ಹೆಸರಿನಿಂದ ಕರೆದಳು. ಅವಳ ಹಿಂದೆ ಹಾಡುವವರೂ ಭಕ್ತಿಯಿಂದ ಅರ್ಧವೇ ಕರೆದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಎರಡನೇ ಹಾಡಿಗೆ ಶಾರದಾ ಎದ್ದು ಬೇರೆಯವರಿಗೆ ಜಾಗ ಬಿಟ್ಟಳು.

ಗೀತಾ ನನ್ನ ಕಿವಿಯಲ್ಲಿ, "ಅತ್ತೀ, ಹೊಲಿಗಿ ಭಾಳ ಗಟ್ಟಿ ಆಗೇತಿ," ಎಂದಳು. ಅದು ಹೊಗಳಿಕೆಯಾಗಿರಲಿಲ್ಲ. ನಾನು ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ.

ಮರುದಿನ ಶಾರದಾ ಚಾಲೈಗೆ ಹೊರಟಾಗ, ಅವಳಿಗೆ ತೋರಿಸಲು ಮುಖವಿಲ್ಲದಿದ್ದರೂ ನಾನೂ ಹಿಂದೆ ಹೋದೆ. ಬೈಂಡರ್ ಪುಸ್ತಕ ತಿರುವಿ ತಿರುವಿ ನೋಡಿ, ಬ್ಲೇಡು ಹುಡುಕಿದ.

"ಯಾರು ಹೊಲಿದದ್ದು?"

ಶಾರದಾ ನನ್ನ ಕಡೆ ನೋಡಲಿಲ್ಲ. "ಕೊಚ್ಚಿಯಲ್ಲಿ ಯಾರೋ."

"ಅವನಿಗೆ ಕಣ್ಣಿಲ್ಲವೇ?"

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಕಣ್ಣು ಚೆನ್ನಾಗಿದೆ," ಎಂದೆ ನನ್ನ ಹರಕು ಮಲಯಾಳಂನಲ್ಲಿ. "ಹೇಳಿದ್ದನ್ನು ಕೇಳುವ ಕಿವಿ ಇಲ್ಲ ಆ ಮುದುಕಿಗೆ."